ಹಲ್ಲುಜ್ಜದೆ ಬಂದ ಮೂವರು

“ಇವುಗಳಲ್ಲಿ ಫ್ಲೋರೈಡ್ ಹಚ್ಚಿದ್ದು ಯಾವುದು? ಹಚ್ಚದ್ದು ಯಾವುದು?”

ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕೇಳಿದರು. ಪ್ರಯೋಗಾಲಯದಲ್ಲಿದ್ದ ನಾವೆಲ್ಲ ಸೂಕ್ಷ್ಮದರ್ಶಕದ ಸುತ್ತ ಸೇರಿದೆವು. ನಾನೂ ಬಗ್ಗಿ ನೋಡಿದೆ. ಅಕ್ಕಪಕ್ಕ ಇಟ್ಟ ಹಲ್ಲಿನ ಎರಡು ಬಿಲ್ಲೆಗಳು — ಎರಡೂ ಸ್ವಚ್ಛ! ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ, ಅಷ್ಟೇ. ಫ್ಲೋರೈಡ್ ಹಚ್ಚದ ಬಿಲ್ಲೆಯ ಮೇಲೆ ಬ್ಯಾಕ್ಟೀರಿಯಾಗಳ ಸಂತೆಯೇ ನೆರೆದಿರಬೇಕಿತ್ತು.

“ಮೊದಲ ಎರಡು ಸುತ್ತಿನಲ್ಲಿ ಅಜಗಜಾಂತರ ವ್ಯತ್ಯಾಸ ಬಂದಿದೆ ಅಂತ ಬರೆದಿದ್ದೀಯ,” ಪರೀಕ್ಷಕಿ ವಿದ್ಯಾರ್ಥಿನಿಯ ಕಡೆ ತಿರುಗಿದರು. “ನಾನು ಬಂದ ದಿನವೇ ಅದು ಎಲ್ಲಿ ಹೋಯ್ತು?”

ವಿದ್ಯಾರ್ಥಿನಿಯ ಮುಖ ಬಿಳಿಚಿಕೊಂಡಿತು. “ಗೊತ್ತಾಗ್ತಿಲ್ಲ ಮೇಡಂ,” ಎಂದಳು.

ಅವಳಿಗೆ ನಮ್ಮ ದಂತ ಕಾಲೇಜಿನಲ್ಲಿ ‘ಬಿಲ್ಲೆ’ ಎಂದೇ ಹೆಸರು. ಕಿತ್ತ ಹಲ್ಲುಗಳನ್ನು ತೆಳ್ಳಗೆ ಬಿಲ್ಲೆಗಳಾಗಿ ಕೊಯ್ದು, ಉಜ್ಜಿ, ನುಣುಪು ಮಾಡುವುದರಲ್ಲೇ ಇವಳ ಯೌವನ ಸವೆದುಹೋಗುತ್ತದೆ ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಕೆಲಸ ಇಷ್ಟು: ಅರ್ಧ ಬಿಲ್ಲೆಗಳಿಗೆ ಫ್ಲೋರೈಡ್ ಜೆಲ್, ಉಳಿದರ್ಧಕ್ಕೆ ಬರೀ ನೀರು. ಆಮೇಲೆ ಎಲ್ಲವನ್ನೂ ಮನುಷ್ಯರ ಜೊಲ್ಲಿನಲ್ಲಿ ನೆನೆಸುವುದು — ಬಾಯೊಳಗೆ ಹಲ್ಲಿನ ಮೇಲೆ ಇರುವಂಥದೇ ತೆಳುಪೊರೆ ಇವುಗಳ ಮೇಲೂ ಕೂರಬೇಕಲ್ಲ! ಕೊನೆಗೆ ಹುಳುಕು ತರುವ ಬ್ಯಾಕ್ಟೀರಿಯಾ ಸುರಿದು, ತೊಳೆದು, ಬಣ್ಣ ಹಾಕಿ, ಎಷ್ಟು ಅಂಟಿಕೊಂಡವು ಎಂದು ಎಣಿಸುವುದು. ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುವುದು ಎಲ್ಲರಿಗೂ ಗೊತ್ತು. ಅದು ಬ್ಯಾಕ್ಟೀರಿಯಾದ ಹಿಡಿತವನ್ನೂ ಸಡಿಲಿಸುತ್ತದೆಯೇ ಎಂಬುದು ಅವಳ ಪ್ರಶ್ನೆ.

ಉತ್ತರ ಬಂದೇಬಿಟ್ಟಿತು ಎಂದು ಕುಣಿಯುತ್ತಿದ್ದವಳು ಈಗ ಅಳುವುದಕ್ಕೂ ಆಗದೆ ನಿಂತಿದ್ದಳು.

ನಮ್ಮ ವಸಡು ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಅವರನ್ನು ನಾವೆಲ್ಲ ಕರೆಯುವುದು ಬರೀ ‘ಸರ್’ ಎಂದು. ಈಗ ಅವರ ಕೈಕೆಳಗೆ ಅಧ್ಯಾಪಕನಾಗಿರುವ ನನಗೂ ಪಾಠ ಹೇಳಿದವರು, ಆ ಪರೀಕ್ಷಕಿಗೂ ಹೇಳಿದವರು. “ನೋಡೋರಿಲ್ಲದಾಗ ಬರೋ ಫಲಿತಾಂಶ ನೋಡೋರು ಬಂದಾಗ ಬರಲ್ಲ ಅಂದ್ರೆ, ಅದಕ್ಕೆ ಒಂದೇ ಅರ್ಥ,” ಎಂದರು ಸರ್.

ಆ ಒಂದು ಅರ್ಥ ಯಾವುದೆಂದು ಅವರು ಬಿಡಿಸಿ ಹೇಳಲಿಲ್ಲ. ಮಾರನೆಯ ದಿನದ ಸಭೆಯಲ್ಲಿ ಬಿಡಿಸಿ ಹೇಳಿದರು: ಮೊದಲ ಎರಡು ಸುತ್ತು ಕಟ್ಟುಕತೆ. “ನಿನಗೇನನ್ಸುತ್ತೆ?” ಎಂದು ನನ್ನನ್ನು ಕೇಳಿದಾಗ ನಾನು, “ಸರ್ ಹೇಳಿದ ಹಾಗೆ,” ಎಂದೆ. ಬಿಲ್ಲೆ ಎದುರಿಗೇ ಕೂತಿದ್ದಳು. ನಾನು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದೆ.

ಅದಾದ ಕೆಲವು ದಿನಗಳ ಮೇಲೆ ದೊಡ್ಡಮ್ಮ ಹಲ್ಲುನೋವೆಂದು ನನ್ನ ಕುರ್ಚಿಗೆ ಬಂದು ಬಿದ್ದಳು. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸದಲ್ಲಿದ್ದು ನಿವೃತ್ತಳಾದವಳು. ಸುಟ್ಟ ಗೋದಾಮಿನ ಬೂದಿ ಮೂಸಿ, “ಇದು ತಾನಾಗಿ ಹತ್ತಿದ ಬೆಂಕಿ ಅಲ್ಲ,” ಎಂದು ಮಾಲೀಕನನ್ನು ಜೈಲಿಗೆ ಕಳಿಸಿದ ಮೂಗು ಅವಳದು. ಮನೆಯಲ್ಲಿ ನಾವು ಮಕ್ಕಳು ಬೆಲ್ಲ ಕದ್ದರೂ ಅವಳ ಮುಂದೆ ಉಸಿರು ಬಿಡುತ್ತಿರಲಿಲ್ಲ.

ಮರಗಟ್ಟಿಸುವ ಸೂಜಿ ಚುಚ್ಚಿ, ಹಲ್ಲನ್ನು ಅರ್ಧ ಕೊರೆದು ಹತ್ತಿ ಇಟ್ಟಿದ್ದೆ. ಬಾಗಿಲು ತಳ್ಳಿಕೊಂಡು ಬಿಲ್ಲೆ ಬಂದಳು. ಕೈಯಲ್ಲೊಂದು ಖಾಲಿ ಹಾಳೆ.

“ಸಾಯಂಕಾಲದೊಳಗೆ ಬರೆದುಕೊಡು ಅಂದಿದ್ದಾರೆ ಸರ್. ಮೊದಲ ಎರಡು ಸುತ್ತು ನಾನೇ ಸೃಷ್ಟಿ ಮಾಡಿದ್ದು ಅಂತ. ಬರೆದ್ರೆ ಸದ್ದಿಲ್ಲದೆ ಹೋಗ್ಬಹುದಂತೆ. ಇಲ್ಲಾಂದ್ರೆ ಎಲ್ಲಾ ಕಾಲೇಜಿಗೂ ತಿಳಿಸಿ ತೆಗೆದುಹಾಕ್ತಾರಂತೆ.” ಅವಳ ದನಿ ಒಡೆಯಿತು. “ನೀವೂ ನಂಬಿದ್ದೀರಾ?”

ನಾನು ತಟ್ಟೆಯಲ್ಲಿ ಇಲ್ಲದ ಉಪಕರಣವನ್ನು ಹುಡುಕತೊಡಗಿದೆ.

ದೊಡ್ಡಮ್ಮ ಬಾಯಿಂದ ಹತ್ತಿ ತೆಗೆದಳು. “ಕೂಲು ಮಲೀ,” ಎಂದಳು. ಅರ್ಧ ಸತ್ತ ನಾಲಿಗೆಗೆ ‘ಕೂರು ಮರಿ’ ದಕ್ಕಿದ್ದು ಅಷ್ಟೇ. ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ.

“ದೊಡ್ಡಮ್ಮ, ಇದು ಕಾಲೇಜಿನ ವಿಷಯ —”

ಅವಳು ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದಳು. ನಾಲಿಗೆಗೆ ಜೀವ ಬರುವವರೆಗೆ ತಲೆಯಾಡಿಸುತ್ತ ಬಿಲ್ಲೆಯ ಕತೆ ಪೂರ್ತಿ ಕೇಳಿದಳು. ಆಮೇಲೆ ಶುರುವಾಯಿತು ಅವಳ ಹಳೆಯ ವೃತ್ತಿ.

“ಹಚ್ಚಿದ ಬಿಲ್ಲೆ ಎಂದಿನ ಹಾಗೇ ಇತ್ತು. ಹಚ್ಚದೆ ಇರೋದು ಮಾತ್ರ ಎಂದಿನ ಹಾಗಿರಲಿಲ್ಲ. ಸರೀನಾ?”

“ಸರಿ ಅಮ್ಮ.”

“ಅಂದ್ರೆ ಕೇಳ್ಬೇಕಾಗಿರೋದು ಒಂದೇ — ಅದಕ್ಕೆ ಬ್ಯಾಕ್ಟೀರಿಯಾ ಯಾಕೆ ಅಂಟ್ಲಿಲ್ಲ? ಅವು ಸತ್ತೇಹೋಗಿದ್ವಾ?”

“ಇಲ್ಲ. ಜೆಲ್ ಹಚ್ಚದೆ, ಜೊಲ್ಲಲ್ಲೂ ನೆನೆಸದೆ ಇರೋ ಬಿಲ್ಲೆಗಳನ್ನೂ ಪ್ರತಿ ಸುತ್ತಲ್ಲಿ ಇಡ್ತೀನಿ. ಅವುಗಳ ಮೇಲೆ ದಂಡಿಯಾಗಿ ಅಂಟಿವೆ. ಅದೇ ಸೀಸೆ, ಅದೇ ಬ್ಯಾಕ್ಟೀರಿಯಾ.”

“ಇದನ್ನ ಯಾರಿಗಾದ್ರೂ ಹೇಳಿದ್ಯಾ?”

“ಸಭೇಲಿ ಹೇಳಿದೆ. ಅದು ಮುಖ್ಯ ಪ್ರಯೋಗ ಅಲ್ಲ ಅಂದ್ರು ಸರ್.”

ಹೌದು, ಹೇಳಿದ್ದಳು. ನಾನೂ ಕೇಳಿಸಿಕೊಂಡಿದ್ದೆ. ದೊಡ್ಡಮ್ಮ ನನ್ನನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ನನ್ನ ಕಿವಿ ಬಿಸಿಯಾಯಿತು.

“ಬ್ಯಾಕ್ಟೀರಿಯಾ ಸರಿ ಇದೆ, ಬರೀ ಬಿಲ್ಲೆ ಸರಿ ಇದೆ. ಹಾಗಾದ್ರೆ ಕಳ್ಳ ಕೂತಿರೋದು ಜೊಲ್ಲಲ್ಲಿ. ಅದು ಯಾರದು?”

“ಮೂವರದು. ಸರ್‌ದು, ನಮ್ಮ ವಿಭಾಗದ ಗುಮಾಸ್ತರದು, ಮತ್ತೆ... ಇವರದು. ಮೂರನ್ನೂ ಒಂದೇ ಸೀಸೆಗೆ ಬೆರೆಸ್ತೀನಿ.”

“ನಿಂದೂನೇನೋ?” ದೊಡ್ಡಮ್ಮ ನನ್ನತ್ತ ತಿರುಗಿದಳು. “ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಸುರಿಸಿದ್ದು ಸಾಲ್ಲಿಲ್ವಾ?”

ಜೊಲ್ಲು ಕೊಡುವವರಿಗೆ ನಿಯಮವಿತ್ತು. ಹಿಂದಿನ ಸಂಜೆಯಿಂದ ಹಲ್ಲುಜ್ಜಬಾರದು, ಬಾಯಿ ಮುಕ್ಕಳಿಸಬಾರದು, ಬೆಳಗ್ಗೆ ಏನನ್ನೂ ತಿನ್ನಬಾರದು. ಆ ನಿಯಮವನ್ನು ಗೋಡೆಗೆ ಅಂಟಿಸಿದ್ದು ಸ್ವತಃ ಸರ್.

“ಹಲ್ಲಿನ ಡಾಕ್ಟರುಗಳೇ ಹಲ್ಲುಜ್ಜದೆ ಬರೋದು! ಚೆನ್ನಾಗಿದೆ ನಿಮ್ಮ ಶಾಸ್ತ್ರ,” ಎಂದಳು ದೊಡ್ಡಮ್ಮ. “ಆ ಬೆಳಗ್ಗೆ ಯಾರ್ಯಾರು ಎಲ್ಲಿ ನಿಂತಿದ್ರಿ, ಏನು ಮಾಡಿದ್ರಿ? ಒಂದೂ ಬಿಡದೆ ಹೇಳು.”

“ಹೇಳೋಕೇನಿದೆ? ಗುಮಾಸ್ತರು ಫೈಲನ್ನ ಮೂಗಿನ ತನಕ ಎತ್ತಿಕೊಂಡೇ ಒಳಗೆ ಬಂದ್ರು. ಅದರ ಹಿಂದಿಂದಾನೇ ಪರೀಕ್ಷಕಿಗೆ ನಮಸ್ಕಾರ. ನಾನು ಕಿಟಕಿ ಹತ್ರ ನಿಂತಿದ್ದೆ. ಸರ್ ಆಗ್ಲೇ ಪರೀಕ್ಷಕಿ ಜೊತೆ ಓಡಾಡ್ತಾ ಒಂದೊಂದೇ ತೋರಿಸ್ತಿದ್ರು. ಹಳೇ ಶಿಷ್ಯೆ ಅಲ್ವಾ, ಕಿವಿ ಹತ್ರ ಬಗ್ಗಿ ಏನೋ ಹಳೇ ಕತೆ ಹೇಳಿ ಗಟ್ಟಿಯಾಗಿ ನಕ್ಕರು. ಆಮೇಲೆ ಮೂವರೂ ಪರೀಕ್ಷಕಿ ಎದುರು ಟ್ಯೂಬಿಗೆ ಉಗುಳಿದ್ವಿ.”

“ಎದುರೇನಾ? ಯಾವಾಗ್ಲೂ ಹಾಗೇನಾ?”

“ಇಲ್ಲ. ಮುಂಚೆಲ್ಲ ನಮ್ಮ ನಮ್ಮ ಕೋಣೆಯಿಂದ ಟ್ಯೂಬ್ ಕಳಿಸ್ತಿದ್ವಿ. ಈ ಸಲ ತಾವೇ ನೋಡ್ಬೇಕು ಅಂದ್ರು ಪರೀಕ್ಷಕಿ.”

“ಮರಿ, ಟ್ಯೂಬ್ ತಗೊಂಡವಳು ನೀನು. ಏನಾದ್ರೂ ವಾಸನೆ ಬಂತಾ?”

“ನಾನೂ ಮೇಡಮ್ಮೂ ಮಾಸ್ಕ್ ಹಾಕಿದ್ವಿ ಅಮ್ಮ.”

“ಉಳಿದ ಜೊಲ್ಲು ಇದೆಯಾ?”

“ಫ್ರೀಜರ್‌ನಲ್ಲಿದೆ.”

ಹಲ್ಲನ್ನು ಅರ್ಧ ಕೊರೆದ ಮೇಲೆ ನಡೆದೇ ಹೊರಟ ರೋಗಿಯನ್ನು ನಾನು ಕಂಡದ್ದು ಅದೇ ಮೊದಲು. “ತಾತ್ಕಾಲಿಕವಾಗಿ ಮುಚ್ಚಿಬಿಡು,” ಎಂದು ಬಾಯಿ ತೆರೆದು ಕೂತಳು, ಮುಚ್ಚಿಸಿಕೊಂಡಳು, ಎದ್ದಳು. ನಾನು ಹಿಂದೆ ಓಡಿದೆ.

ಪ್ರಯೋಗಾಲಯದಲ್ಲಿ ಬಿಲ್ಲೆ ಸೀಸೆಯನ್ನು ತೆಗೆದು ನೀರಿನ ಬಟ್ಟಲಲ್ಲಿ ಇಟ್ಟು ಕರಗಿಸಿದಳು. ದೊಡ್ಡಮ್ಮ ಮುಚ್ಚಳ ಬಿಚ್ಚಿ ಮೂಗಿಗೆ ಹಿಡಿದಳು. ನಾನು ಮುಖ ತಿರುಗಿಸಿದೆ. ಅದರಲ್ಲಿ ಮೂರನೇ ಒಂದು ಭಾಗ ನನ್ನದೇ ಎಂಬುದು ನೆನಪಾಗಿ ಇನ್ನಷ್ಟು ತಿರುಗಿಸಿದೆ.

“ಪುದೀನ,” ಎಂದಳು ದೊಡ್ಡಮ್ಮ.

“ಏನು?”

“ಮೂಸು.”

ಮೂಸಿದೆ. ಸಣ್ಣಗೆ, ಆದರೆ ನಿಜವಾಗಿ, ಪುದೀನದ ತಂಪು ವಾಸನೆ! ನಾವು ರೋಗಿಗಳಿಗೆ ಬರೆದುಕೊಡುವ ಬಾಯಿ ಮುಕ್ಕಳಿಸುವ ದ್ರಾವಣದ ವಾಸನೆ. ಅದರಲ್ಲಿ ಇರುವುದೇ ಫ್ಲೋರೈಡ್.

ಬಿಲ್ಲೆ ಫ್ಲೋರೈಡ್ ಅಳೆಯುವ ಕಡ್ಡಿಯನ್ನು ಸೀಸೆಗೆ ಅದ್ದಿದಳು. ಮೀಟರಿನ ಅಂಕಿ ಏರುತ್ತಲೇ ಹೋಯಿತು. ಹಲ್ಲುಜ್ಜದ ಬಾಯಿಯಲ್ಲಿ ಅಷ್ಟು ಫ್ಲೋರೈಡ್ ಇರಲು ಸಾಧ್ಯವೇ ಇಲ್ಲ.

“ಜೆಲ್ ಹಚ್ಚದ ಬಿಲ್ಲೆಗೂ ಜೊಲ್ಲಿನ ಮೂಲಕ ಫ್ಲೋರೈಡ್ ತಲುಪಿಬಿಟ್ಟಿದೆ,” ಎಂದಳು ಅವಳು ಮೆಲ್ಲಗೆ. “ಎರಡಕ್ಕೂ ಹಚ್ಚಿದ ಹಾಗೇ ಆಯ್ತು. ಅದಕ್ಕೇ ಎರಡೂ ಒಂದೇ ಥರ.” ಕುರ್ಚಿಯ ಮೇಲೆ ಕುಸಿದು ಮುಖ ಮುಚ್ಚಿಕೊಂಡಳು. “ನನ್ನ ಮೊದಲ ಎರಡು ಸುತ್ತೂ ನಿಜವೇ.”

ಈ ಅಳತೆಯನ್ನು ಯಾರು ಬೇಕಾದರೂ ಮೊದಲ ದಿನವೇ ಮಾಡಬಹುದಿತ್ತು. ಮೀಟರು ಮೇಜಿನ ಮೇಲೇ ಇತ್ತು. ಆದರೆ ನಮಗೆ ಅನುಮಾನಿಸಲು ಒಬ್ಬ ಹುಡುಗಿ ಸಿಕ್ಕಿದ್ದಳು. ದೊಡ್ಡವರ ಉಗುಳನ್ನು ಅನುಮಾನಿಸುವ ಗೋಜಿಗೆ ಯಾರು ಹೋಗುತ್ತಾರೆ? ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಇಬ್ಬರು ಹೆಂಗಸರಿಂದ ಮರೆಮಾಚಲು ನಾನು ಮೀಟರಿನ ವೈರನ್ನು ಸುಮ್ಮನೆ ಸುತ್ತುತ್ತ ನಿಂತೆ.

ಬಿಲ್ಲೆಯನ್ನೂ ಕರೆದುಕೊಂಡು ಸರ್ ಕೋಣೆಗೆ ಹೋದೆವು. ಅಲ್ಲಿ ಗುಮಾಸ್ತರು ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. “ಒಳ್ಳೇದಾಯ್ತು, ಜೊಲ್ಲು ಕೊಟ್ಟ ಮೂವರೂ ಸಿಕ್ಕಿದ್ರಿ,” ಎಂದು ದೊಡ್ಡಮ್ಮ ಕರೆಯದೆಯೇ ಕೂತಳು. ನಾನು ಪರಿಚಯ ಮಾಡಿಸಿ, ಸೀಸೆಯ ವಿಷಯವನ್ನು ತೊದಲುತ್ತ ಹೇಳಿದೆ.

ಸರ್ ಕೇಳಿಸಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಜೊಲ್ಲಲ್ಲಿ ಫ್ಲೋರೈಡ್ ಇದ್ರೆ ಅದನ್ನ ಬೆರೆಸಿದ್ದೂ ಇವಳೇ ಇರ್ಬೇಕು. ಸೀಸೆ ಇದ್ದದ್ದು ಇವಳ ಕೈಯಲ್ಲಿ.”

“ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕ್ಕೊಂಡ್ಲಾ ಡಾಕ್ಟ್ರೇ? ಅದೂ ಪರೀಕ್ಷಕರ ಎದುರಲ್ಲಿ?” ದೊಡ್ಡಮ್ಮ ಕೇಳಿದಳು. “ಅವಳ ಜೆಲ್ಲನ್ನೂ ಮೂಸಿ ಬಂದೆ. ಅದಕ್ಕೆ ವಾಸನೆಯೇ ಇಲ್ಲ. ಈ ಪುದೀನ ಬಂದಿರೋದು ಒಂದು ಬಾಯಿಂದ. ನಿಮ್ಮ ಮೂವರಲ್ಲಿ ಒಬ್ಬರು ಆ ಬೆಳಗ್ಗೆ ಬಾಯಿ ತೊಳ್ಕೊಂಡು ಬಂದಿದ್ದೀರಿ.”

ನನ್ನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. ಗುಮಾಸ್ತರದೂ ಹೋಯಿತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ನಾವಿಬ್ಬರೂ ಹಾಗೇ ಕಂಡಿರಬೇಕು.

“ನಾನಲ್ಲ ತಾಯಿ!” ಎಂದರು ಗುಮಾಸ್ತರು. “ಆವತ್ತು ನನ್ನ ಹೆಂಡತಿ ನನ್ನ ಜೊತೆ ಮಾತಾಡ್ಲಿಲ್ಲ. ನಾನು ಬಾಯಿ ತೆಗೆದ್ರೆ ಎದ್ದು ಆಚೆ ಹೋಗ್ತಿದ್ಲು. ಬೇಕಾದ್ರೆ ಕರೆಸಿ ಕೇಳಿ.”

“ಕೇಳೋ ಅಗತ್ಯ ಇಲ್ಲ. ನೀವು ಫೈಲಿನ ಹಿಂದೆ ಅವಿತಿದ್ರಿ. ನನ್ನ ತಂಗಿ ಮಗ ಕಿಟಕಿಗೆ ಅಂಟಿಕೊಂಡಿದ್ದ. ಯಾಕೆ? ಇಬ್ಬರಿಗೂ ತಮ್ಮ ಬಾಯಿ ಬಗ್ಗೆ ನಾಚಿಕೆ. ಹಲ್ಲುಜ್ಜದೆ ಇರೋ ಬಾಯಿ ಇಟ್ಕೊಂಡು ಎಂಥಾ ದೊಡ್ಡ ಮನುಷ್ಯನಾದ್ರೂ ಇನ್ನೊಬ್ಬರ ಹತ್ರ ಹೋಗಲ್ಲ. ಅದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಕೈ ತಾನಾಗೇ ಅಡ್ಡ ಬರುತ್ತೆ, ಕಾಲು ತಾನಾಗೇ ಹಿಂದೆ ಸರಿಯುತ್ತೆ.” ದೊಡ್ಡಮ್ಮ ಮೇಜಿನ ಆಚೆಗೆ ನೋಡಿದಳು. “ಆ ಕೋಣೇಲಿ ಒಬ್ಬರು ಮಾತ್ರ ಪರೀಕ್ಷಕಿಯ ಕಿವಿ ಹತ್ರ ಬಗ್ಗಿ ಮಾತಾಡಿದ್ರು. ಬಾಯಿ ತುಂಬಾ ನಕ್ಕರು. ಆಕೆ ಮಾಸ್ಕ್ ಹಾಕಿದ್ಲು, ಆಕೆಗೆ ವಾಸನೆ ಗೊತ್ತಾಗ್ಲಿಲ್ಲ. ಆದ್ರೆ ನಿಮ್ಮ ಬಾಯಿ ಹಸನಾಗಿದೆ ಅನ್ನೋದು ನಿಮಗೆ ಗೊತ್ತಿತ್ತು. ಅದಕ್ಕೇ ಆ ಧೈರ್ಯ. ಅಲ್ವಾ ಡಾಕ್ಟ್ರೇ?”

ನಾನು ಸರ್ ಸಿಡಿಯುತ್ತಾರೆ ಎಂದುಕೊಂಡೆ. ನಮ್ಮನ್ನೆಲ್ಲ ಹೊರಗೆ ಹಾಕಲಿ ಎಂದು ಒಳಗೊಳಗೇ ಆಸೆಪಟ್ಟೆ ಕೂಡ. ಅಷ್ಟು ವರ್ಷ ದೇವರೆಂದು ಕಂಡವರು ಸುಳ್ಳಾಗುವುದನ್ನು ನೋಡುವುದಕ್ಕಿಂತ ಅದು ಮೇಲು.

ಅವರು ಸಿಡಿಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ವಸಡಲ್ಲಿ ರಕ್ತ ಬರುತ್ತೆ,” ಎಂದರು.

“ಯಾರಿಗೆ ಸರ್?” ಎಂದೆ ನಾನು, ಪೆದ್ದನಂತೆ.

“ನನಗಪ್ಪಾ. ತುಂಬಾ ದಿನದಿಂದ. ಊರಿಗೆಲ್ಲಾ ವಸಡು ನೋಡೋನು, ನನ್ನದನ್ನ ಯಾರಿಗೂ ತೋರಿಸಿಲ್ಲ. ಯಾರಿಗೆ ತೋರಿಸ್ಲಿ? ಎಲ್ಲರೂ ನನ್ನ ಶಿಷ್ಯರೇ.” ಅವರು ಮೇಜಿನ ಗಾಜಿನ ಮೇಲೆ ಬೆರಳಾಡಿಸಿದರು. “ಉಜ್ಜದಿದ್ರೆ ಇನ್ನೂ ಜಾಸ್ತಿ. ಮುಂಚಿನ ಸುತ್ತುಗಳಲ್ಲಿ ನನ್ನ ಕೋಣೇಲಿ ಒಬ್ಬನೇ ಇರ್ತಿದ್ದೆ. ಕೆಂಪು ಹೋಗಿ ತಿಳಿಯಾಗೋ ತನಕ ಸಿಂಕಿಗೆ ಉಗೀತಿದ್ದೆ. ಆಮೇಲೆ ಟ್ಯೂಬಿಗೆ. ಆವತ್ತು ಅವಳ ಎದುರು... ಟ್ಯೂಬಲ್ಲಿ ಕೆಂಪು ಕಂಡಿದ್ರೆ? ನೋಡಿದ ತಕ್ಷಣ ಅವಳಿಗೆ ಗೊತ್ತಾಗ್ತಿತ್ತು. ಗೊತ್ತು ಮಾಡ್ಕೊಳ್ಳೋದನ್ನ ಕಲಿಸಿದವನೇ ನಾನು. ಬರೋಕೆ ಸ್ವಲ್ಪ ಮುಂಚೆ ಉಜ್ಜಿ, ರಕ್ತ ನಿಲ್ಲೋ ತನಕ ಮುಕ್ಕಳಿಸಿದೆ.”

“ಬಿಲ್ಲೆಗಳು ಸ್ವಚ್ಛ ಬಂದಾಗ?” ದೊಡ್ಡಮ್ಮ ಕೇಳಿದಳು.

“ಆಗ್ಲೇ ಗೊತ್ತಾಯ್ತು.”

“ಗೊತ್ತಾಗಿಯೂ?”

ದೊಡ್ಡಮ್ಮನೇ ಮುಗಿಸಿದಳು: “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಮುಕ್ಕಳಿಸಿದ್ದು ನಾಚಿಕೆಗೆ ಬಿದ್ದು, ಅದನ್ನ ಯಾರಾದ್ರೂ ಕ್ಷಮಿಸ್ತಾರೆ. ಈ ಹುಡುಗಿ ಕೈಗೆ ಖಾಲಿ ಹಾಳೆ ಕೊಟ್ಟಿರಲ್ಲ ಡಾಕ್ಟ್ರೇ, ಅಪರಾಧ ಅದು.”

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿಯ ಹಾರನ್ನು ಬಡಿಯುತ್ತಲೇ ಇದ್ದರು. ಗುಮಾಸ್ತರು ಸಹಿಯಾಗದ ಕಾಗದವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಆ ಕೋಣೆಯಲ್ಲಿ ತಲೆ ಎತ್ತಿಕೊಂಡಿದ್ದವರು ಇಬ್ಬರೇ, ನಾನು ಅವರಲ್ಲಿ ಒಬ್ಬನಾಗಿರಲಿಲ್ಲ.

“ನಾನೇ ಪರೀಕ್ಷಕಿಗೆ ಬರೀತೀನಿ,” ಎಂದರು ಸರ್ ಕೊನೆಗೆ. “ಜೊಲ್ಲು ಕೊಟ್ಟ ಒಬ್ಬರಿಂದ ನಿಯಮ ತಪ್ಪಿದೆ, ಆ ಸುತ್ತನ್ನ ರದ್ದು ಮಾಡಿ, ವಿದ್ಯಾರ್ಥಿನಿಯದು ತಪ್ಪಿಲ್ಲ ಅಂತ. ಅಷ್ಟು ಸಾಕಲ್ವಾ? ಹೆಸರು ಯಾಕೆ?”

ಅವರು ಕೇಳಿದ್ದು ದೊಡ್ಡಮ್ಮನನ್ನು. ಉತ್ತರ ಬಂದದ್ದು ಬಿಲ್ಲೆಯಿಂದ.

“ನನ್ನ ವಿಷಯ ಬಂದಾಗ ‘ಒಬ್ಬರು’ ಅಂತ ಯಾರೂ ಹೇಳ್ಲಿಲ್ಲ ಸರ್. ಹೆಸರಿಟ್ಟೇ ಹೇಳಿದ್ರಿ.”

ಗಟ್ಟಿಯಾಗಿ ಹೇಳಲಿಲ್ಲ ಅವಳು. ಕಣ್ಣಲ್ಲಿ ನೀರೂ ಇರಲಿಲ್ಲ. ಸರ್ ಅವಳನ್ನು ನೋಡಲು ಹೋಗಿ, ಅವಳ ಭುಜದ ಪಕ್ಕದ ಗೋಡೆಯನ್ನು ನೋಡಿದರು. ಆಮೇಲೆ ಫೋನನ್ನು ಎಳೆದುಕೊಂಡು ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದರು.

“ಸರ್, ನಮಸ್ಕಾರ!” ಪರೀಕ್ಷಕಿಯ ದನಿ ಉಲ್ಲಾಸದಿಂದಲೇ ಬಂತು. “ಆ ಹುಡುಗಿ ಬರೆದುಕೊಟ್ಟಳಾ?”

“ಇಲ್ಲಮ್ಮ.” ಸರ್ ಗಂಟಲು ಸರಿಮಾಡಿಕೊಂಡರು. “ಬರೆದುಕೊಡಬೇಕಾಗಿರೋದು ನಾನು. ಆವತ್ತು ಬಾಯಿ ಮುಕ್ಕಳಿಸಿ ಬಂದಿದ್ದೆ. ಫ್ಲೋರೈಡ್ ಇರೋದರಲ್ಲಿ. ಅವಳ ಸುತ್ತು ಕೆಟ್ಟಿದ್ದು ನನ್ನಿಂದ.”

“ನೀವಾ? ...ಯಾಕೆ ಸರ್?”

“ನನ್ನ ವಸಡಲ್ಲಿ ರಕ್ತ ಬರುತ್ತೆ. ನಿನ್ನ ಮುಂದೆ ಕೆಂಪಗೆ ಉಗುಳೋಕೆ ನಾಚಿಕೆ ಆಯ್ತು.”

ಆ ಕಡೆಯಿಂದ ಏನೂ ಕೇಳಲಿಲ್ಲ. ಕರೆ ಕಡಿದುಹೋಯಿತೇನೋ ಎಂದು ಸರ್ ಎರಡು ಸಲ “ಹಲೋ” ಎಂದರು. ಕಡಿದಿರಲಿಲ್ಲ. ತನ್ನ ಗುರುವಿಗೆ ಏನು ಹೇಳಬೇಕೆಂದು ಆ ಹೆಂಗಸಿಗೂ ತೋಚಿರಲಿಲ್ಲ ಅಷ್ಟೇ.

ದೊಡ್ಡಮ್ಮ ಎದ್ದಳು. ಬಿಲ್ಲೆ ಖಾಲಿ ಹಾಳೆಯನ್ನು ಸರ್ ಮೇಜಿನ ಮೇಲೆ ಇಟ್ಟು ಅವಳ ಹಿಂದೆ ಹೊರಟಳು. ನಾನು ಮೊಗಸಾಲೆಯಲ್ಲಿ ಬಿಲ್ಲೆಯನ್ನು ತಡೆದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಲಿತುಕೊಂಡಿದ್ದೆ. ಎದುರಿಗೆ ನಿಂತಾಗ ಒಂದೂ ನೆನಪಾಗಲಿಲ್ಲ.

“ಸಭೇಲಿ ನಾನು... ಕ್ಷಮಿಸಮ್ಮ. ನನಗೂ ಒಳಗೆ ಅನುಮಾನ ಇತ್ತು, ಆದ್ರೆ ಸರ್ ಮುಂದೆ ಅಭಿಪ್ರಾಯ ಹೇಳೋಕೆ —”

“ಮುಂದಿನ ವಾರ ಹೊಸ ಸುತ್ತು ಶುರು ಮಾಡ್ತೀನಿ,” ಎಂದಳು ಬಿಲ್ಲೆ. “ನಿಮ್ಮ ಜೊಲ್ಲು ಬೇಕಾಗುತ್ತೆ ಸರ್. ಅಭಿಪ್ರಾಯ ಬೇಡ.”

ಆಗಲಿ ಎಂದೆ. ಇನ್ನೇನಾದರೂ ಹೇಳಲು ನನಗೆ ಮುಖವೆಲ್ಲಿತ್ತು?